ರೂಪಾಂಜಲಿಗೆ ಬಾಯಾದವಳು

ಮದರಾಸಿನ ವಡಪಳನಿ ಮಾರ್ಕೆಟ್ಟಿನಲ್ಲಿ ಟೊಮೆಟೊ ಒತ್ತಿ ನೋಡುತ್ತ ಸೆಂಬಗವಲ್ಲಿ, "ಇದೇನಮ್ಮ, ಎಲ್ಲ ಮೆತ್ತಗಾಗಿದೆ" ಎಂದಳು, ಅಷ್ಟೆ. ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕಕ್ಕಾ, ಸಿನಿಮಾದ ರೂಪಾಂಜಲಿ ಥರ ರಾಗ ಎಳೀತೀಯ? ಈ ಮೂತಿಗೆ ಆ ಮಾತು ಬೇರೆ ಕೇಡು."

ಅಕ್ಕಪಕ್ಕದವರು ನಕ್ಕರು. ಸೆಂಬಗವಲ್ಲಿ ಖಾಲಿ ಚೀಲ ಕೊಡವಿಕೊಂಡು ಹೊರಟುಬಿಟ್ಟಳು. ಆ ರೂಪಾಂಜಲಿಯ ದನಿ ತನ್ನದೇ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಹೇಳುವಂತಿರಲಿಲ್ಲ. ಡಬ್ಬಿಂಗ್ ಕೆಲಸಕ್ಕೆ ಸೇರಿದ ದಿನವೇ ಕಂಪನಿಯವರು ಆಣೆ ಹಾಕಿಸಿಕೊಂಡಿದ್ದರು: ಹೊರಗೆ ಬಾಯಿಬಿಟ್ಟರೆ ಕೆಲಸ ಹೋಯಿತು ಎಂದೇ ಲೆಕ್ಕ.

ಕೋವಿಲ್‌ಪಟ್ಟಿಯ ಬೆಂಕಿಪೊಟ್ಟಣದ ಕಾರ್ಖಾನೆಗಳ ಓಣಿಯಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಬೆಳೆದು, ಅವಳು ಮದರಾಸಿಗೆ ಬಂದದ್ದು ನಟಿಯಾಗಲೆಂದೇ. ಕ್ಯಾಮೆರಾದ ಮುಂದೆ ನಿಲ್ಲಿಸಿ ನೋಡಿದ ನಿರ್ದೇಶಕ, ಅವಳು ಎದುರಿಗೇ ಇದ್ದಾಳೆ ಎಂಬ ದಾಕ್ಷಿಣ್ಯವೂ ಇಲ್ಲದೆ, "ಕಣ್ಣು ಮುಚ್ಕೊಂಡು ಕೇಳಿದ್ರೆ ಮಹಾರಾಣಿ. ಕಣ್ಣು ಬಿಟ್ರೆ ನಮ್ಮನೆ ಪಾತ್ರೆ ತೊಳೆಯೋಳು" ಎಂದಿದ್ದ. ಹಾಗೆ ಹೇಳಿದವನು, ಅವನ ಹಿಂದೆ ನಿಂತು ನಕ್ಕವರು, ಎಲ್ಲರೂ ಅವಳಷ್ಟೇ ಕಪ್ಪಗಿದ್ದರು. ಅದನ್ನು ಅವಳು ಸಾಯುವತನಕ ಮರೆಯಲಿಲ್ಲ.

ಬೊಂಬಾಯಿಯಿಂದ ಹಾಲಿನಂಥ ಮೈಬಣ್ಣದ ಹುಡುಗಿಯೊಬ್ಬಳನ್ನು ಕರೆತಂದರು. ಅವಳ ಹಳೆಯ ಹೆಸರು ಕಿತ್ತುಹಾಕಿ ರೂಪಾಂಜಲಿ ಎಂದು ಕರೆದರು. ತಮಿಳಿನ ಒಂದಕ್ಷರ ಬಾರದ ಆಕೆ ಕ್ಯಾಮೆರಾದ ಮುಂದೆ ನಿಂತು ಕಣ್ಣಲ್ಲಿ ಗ್ಲಿಸರಿನ್ ಹಾಕಿಕೊಂಡು, "ಒಂದು, ಎರಡು, ಮೂರು, ನಾಲ್ಕು" ಎಂದು ತನ್ನ ಭಾಷೆಯಲ್ಲಿ ಎಣಿಸುತ್ತಿದ್ದಳು. ಕತ್ತಲ ಡಬ್ಬಿಂಗ್ ಕೋಣೆಯಲ್ಲಿ ಸೆಂಬಗವಲ್ಲಿ ಆ ತುಟಿಗಳ ಮೇಲೆ ಕಣ್ಣು ನೆಟ್ಟು, ಎಣಿಕೆಯನ್ನು ಅಳಿಸಿ ಅಲ್ಲಿ ಮಾತು ತುಂಬುತ್ತಿದ್ದಳು. ಮಗು ಸತ್ತ ತಾಯಿಯ ದೃಶ್ಯಕ್ಕೆ, ಹಿಂದೊಮ್ಮೆ ತನ್ನ ಕೈಯಲ್ಲೇ ಪ್ರಾಣಬಿಟ್ಟ ತನ್ನ ಮಗುವನ್ನು ನೆನೆದು ಅತ್ತಳು. ಮಧುರೆಯ ಹೆಂಗಸರು ಥಿಯೇಟರಿನಲ್ಲಿ ಸೆರಗು ಒದ್ದೆ ಮಾಡಿಕೊಂಡರು. ಹುಟ್ಟಿದ ಹೆಣ್ಣುಮಕ್ಕಳಿಗೆ ರೂಪಾಂಜಲಿ ಎಂದು ಹೆಸರಿಟ್ಟರು. "ನಮ್ಮ ಮನೆಮಗಳು" ಎಂದು ಪತ್ರಿಕೆಗಳು ಬರೆದವು. ಪರದೆಯ ಮೇಲೆ ಟೀ ಕೊಟ್ಟವನ ಹೆಸರೂ ಬರುತ್ತಿತ್ತು, ಸೆಂಬಗವಲ್ಲಿಯದು ಬರುತ್ತಿರಲಿಲ್ಲ.

ಒಮ್ಮೆ ಮಾತ್ರ ರೂಪಾಂಜಲಿ ಡಬ್ಬಿಂಗ್ ಕೋಣೆಗೆ ಬಂದು ಮೂಲೆಯಲ್ಲಿ ಕೂತಳು. ಕೇಳಿ ಮುಗಿಸಿ, ಒಡಕು ತಮಿಳಿನಲ್ಲಿ, "ನಾನು ಇಷ್ಟು ಚೆನ್ನಾಗಿ ಅಳ್ತೀನಾ?" ಎಂದಳು. ಅವಳ ಮುಖ ಸಣ್ಣದಾಗಿತ್ತು. ಮತ್ತೆಂದೂ ಆ ಕಡೆ ಸುಳಿಯಲಿಲ್ಲ. ಅವಳ ಮೇಲೆ ಸೆಂಬಗವಲ್ಲಿಗೆ ಹಗೆ ಹುಟ್ಟಲಿಲ್ಲ. ಅವಳನ್ನು ಗೊಂಬೆ ಮಾಡಿ ಕೂರಿಸಿದವರ ಮೇಲೆ, ಆ ಗೊಂಬೆಗೆ ಆರತಿ ಎತ್ತುವವರ ಮೇಲೆ ಹೊಟ್ಟೆ ಉರಿಯುತ್ತಿತ್ತು.

ಚುನಾವಣೆ ಬಂತು. ನಿರ್ಮಾಪಕರು ಪಕ್ಷ ಸೇರಿದ್ದರು, ರೂಪಾಂಜಲಿಯನ್ನೂ ಸೇರಿಸಿದ್ದರು. ಪಕ್ಷಕ್ಕೆ ಹಣ ಕೊಡುತ್ತಿದ್ದ ಬೆಂಕಿಪೊಟ್ಟಣದ ಕಾರ್ಖಾನೆಯವರಿಗಾಗಿ ಆಟೋಗಳಲ್ಲಿ ಹಾಕಲು ಒಂದು ಕ್ಯಾಸೆಟ್ ಬೇಕಿತ್ತು. ಮ್ಯಾನೇಜರ್ ಪಿಚ್ಚುಮಣಿ ಹೇಳಬೇಕಾದ ಮಾತನ್ನು ಓದಿದ: "ಕೋವಿಲ್‌ಪಟ್ಟಿಯ ಅಕ್ಕತಂಗಿಯರೇ, ನಾನು ನಿಮ್ಮ ಮನೆಮಗಳು. ನನ್ನ ಮಾತಿಗೆ ಬೆಲೆಕೊಟ್ಟು ನಾಳೆಯೇ ಕೆಲಸಕ್ಕೆ ಹಿಂತಿರುಗಿ."

ಅಲ್ಲಿನ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ಹೆಂಗಸರು ಸತ್ತಿದ್ದರು. ಉಳಿದವರು ಕೆಲಸ ಬಿಟ್ಟು ಬಾಗಿಲಲ್ಲಿ ಕೂತಿದ್ದರು. ಅವರಲ್ಲಿ ಸೆಂಬಗವಲ್ಲಿಯ ತಂಗಿ ಇಸಕ್ಕಿಯೂ ಇದ್ದಳು. ಅವಳ ಎರಡೂ ಅಂಗೈ ಸುಟ್ಟಿತ್ತು.

"ಇದನ್ನ ನಾನು ಹೇಳಲ್ಲ ಸಾರ್."

"ನೀನೆಲ್ಲಮ್ಮ ಹೇಳ್ತೀಯ? ಹೇಳೋದು ರೂಪಾಂಜಲಿ."

"ಬಾಯಿ ನಂದು."

"ನಿನ್ನ ಬಾಯಿ ಯಾವತ್ತಮ್ಮ ನಿಂದಾಗಿತ್ತು?" ಎಂದು ಪಿಚ್ಚುಮಣಿ ನಕ್ಕ. "ಮಾರ್ಕೊಂಡು ಎಷ್ಟೋ ವರ್ಷ ಆಯ್ತಲ್ಲ."

ಸೆಂಬಗವಲ್ಲಿ ಹೆಡ್‌ಫೋನ್ ಕಿತ್ತು ಅವನ ಕಾಲಬಳಿ ಎಸೆದು ಹೊರಬಂದಳು. ಆ ವಾರವೇ ಕೋವಿಲ್‌ಪಟ್ಟಿಯ ಬಸ್ಸು ಹತ್ತಿದಳು.

ಬಸ್ಸಿಳಿದಾಗ ಎದುರಿಗೇ ಆಟೋ ಬರುತ್ತಿತ್ತು, ಅದರ ಮೈಕಿನಲ್ಲಿ ಅವಳದೇ ದನಿ ಬೇಡಿಕೊಳ್ಳುತ್ತಿತ್ತು. ಯಾವಳೋ ಹೊಸಬಳನ್ನು ಹಿಡಿದು ಅನುಕರಣೆ ಮಾಡಿಸಿದ್ದರು. ತಪ್ಪು ಹುಡುಕಲು ಅವಳಿಗೇ ಆಗಲಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ಕೂತ ಹೆಂಗಸರು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಒಬ್ಬಳು ಕಣ್ಣೊರೆಸಿಕೊಂಡು, "ಪಾಪ, ನಮಗೋಸ್ಕರ ಎಷ್ಟು ಸಂಕಟಪಡ್ತಾಳೆ ನೋಡು. ಹೋಗೋಣ ನಡೀರೇ" ಎಂದಳು.

ಸೆಂಬಗವಲ್ಲಿ ಟೀ ಅಂಗಡಿಯ ಬೆಂಚು ಎಳೆದು ಹತ್ತಿ ನಿಂತಳು. "ಆ ರೂಪಾಂಜಲಿಗೆ ನಮ್ಮೂರಿನ ಹೆಸರೂ ಗೊತ್ತಿಲ್ಲ. ಸಿನಿಮಾದಲ್ಲಿ ನೀವು ಕೇಳಿ ಅತ್ತಿರಲ್ಲ, ಆ ದನಿ ನಂದು."

ಒಂದು ಗಳಿಗೆ ಎಲ್ಲರೂ ಬೆರಗಾದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. "ಪರವಾಗಿಲ್ವೇ, ಥೇಟ್ ಅವಳೇ ಮಾತಾಡ್ದಂಗಿದೆ. ಆ ಮಗು ಸಾಯೋ ಸೀನು ಮಾಡಕ್ಕಾ."

ಅವಳ ತಲೆ ಕಾದುಹೋಯಿತು. ಸಿನಿಮಾದ ನಯವನ್ನೆಲ್ಲ ಕಿತ್ತೆಸೆದು, ಓಣಿಯ ನಲ್ಲಿ ಜಗಳದ ಮಾತಿಗಿಳಿದಳು.

"ಸೀನು ಬೇಕೇನ್ರೇ ನಿಮಗೆ? ಇಸಕ್ಕಿ, ಎತ್ತೇ ಕೈಯ್ಯ, ತೋರ್ಸು. ಇದ್ಕಿಂತ ಸೀನು ಬೇಕಾ? ಪೊಟ್ಟಣಕ್ಕೆ ಕಡ್ಡಿ ತುಂಬೋ ನಿಮ್ಮಂಥ ಕರೀ ಮುಖ ಒಂದನ್ನಾದ್ರೂ ಆ ಪರದೆ ಮೇಲೆ ನೋಡಿದೀರಾ? ನೋಡಿದ್ರೆ ನೀವೇ ನಗ್ತಿದ್ರಿ. ಸತ್ತೋರಿಗೆ ಅಳಕ್ಕೆ ನಿಮಗೆ ಬೆಳ್ಳಗಿರೋಳೇ ಬೇಕೇನ್ರೇ?"

ಇಸಕ್ಕಿ ಸುತ್ತಿದ್ದ ಬಟ್ಟೆ ಬಿಚ್ಚಿ ಕೈ ಎತ್ತಿದಳು. ಯಾರೂ ನಗಲಿಲ್ಲ.

ಮರುದಿನ ಅರ್ಧ ಜನ ಕೆಲಸಕ್ಕೆ ಹೋದರು, ಅರ್ಧ ಜನ ಕೂತೇ ಇದ್ದರು. ರೂಪಾಂಜಲಿ ಚುನಾವಣೆ ಗೆದ್ದಳು. ಸಿನಿಮಾದವರ ಕೋಡಂಬಾಕ್ಕಂನಲ್ಲಿ ಸೆಂಬಗವಲ್ಲಿಯನ್ನು ಮತ್ತೆ ಯಾರೂ ಕರೆಯಲಿಲ್ಲ. ಅವಳು ತಂಗಿಯ ಮನೆಯಲ್ಲೇ ಉಳಿದು ಪೊಟ್ಟಣಕ್ಕೆ ಚೀಟಿ ಅಂಟಿಸಿದಳು, ಕಾರ್ಖಾನೆ ಬಾಗಿಲಲ್ಲಿ ನಿಂತು ಯಜಮಾನರನ್ನು ಗಂಟಲು ಕಟ್ಟುವವರೆಗೆ ಬೈದಳು. ವರ್ಷಗಳ ಮೇಲೆ ಪತ್ರಿಕೆಯವನೊಬ್ಬ ಹುಡುಕಿಕೊಂಡು ಬಂದ.

"ಅಮ್ಮಾ, ತಾರೆಯ ಹಿಂದಿನ ದನಿ ನೀವೇ ಅಂತೆ. ಒಂದು ಡೈಲಾಗ್ ಹೇಳಿ, ಸಾಕು."

"ಹಿಂದಿನ ದನಿ ಯಾವುದಪ್ಪ?" ಎಂದಳು ಅವಳು, ಅಂಟು ಮೆತ್ತಿದ ಕೈ ಎತ್ತದೆ. "ನಾನು ಮುಂದೇನೇ ಕೂತಿದೀನಿ. ಬೆಂಕಿ ಬಿದ್ದಾಗ ಸತ್ತವರ ಹೆಸರು ಹೇಳ್ತೀನಿ, ಬರ್ಕೊಳ್ತೀಯಾ?"

ಅವನು ಬರೆದುಕೊಳ್ಳಲಿಲ್ಲ. ಅವಳು ಅಂಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಎದ್ದು ಹೋಗಿ ಅವನಿಗೆ ಬಾಗಿಲು ತೋರಿಸಿದಳು.