ಒಬ್ಬನೇ ಇದ್ದ ಎಂದ ವೈನಿ

ಆಟಕ್ಕೆ ಕೂಡುವ ಮೊದಲು ವೈನಿ ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈತನಕ ಏರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಪಡಸಾಲೆಯಲ್ಲಿ ಮಲಗಿದ ಅವ್ವನಿಗೆ ಸಪ್ಪಳ ಕೇಳಬಾರದಲ್ಲ! ಉಗುರುಸಂದಿಯಲ್ಲಿ ಜೋಳದ ಹಿಟ್ಟು ಒಣಗಿರುತ್ತಿತ್ತು. ಆ ಕೈಯಲ್ಲಿ ರಿಮೋಟು ಹಿಡಿದರೆಂದರೆ ಎದುರಿಗೆ ಬಂದವನ ಕಥೆ ಮುಗಿಯಿತು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಹಾನಗಲ್ಲಿನ ಮಗಳು, ಬಿ.ಎ. ಓದಿದವರು. ಹತ್ತಿಮತ್ತೂರಿನ ನಮ್ಮ ಮನೆಗೆ ಸೊಸೆಯಾಗಿ ಬಂದ ವರ್ಷ ಅಣ್ಣ ಹುಬ್ಬಳ್ಳಿಯಿಂದ ಹಳೇ ಗೇಮ್ ಮಷೀನೊಂದನ್ನು ತಂದು ಟಿ.ವಿ.ಗೆ ಜೋಡಿಸಿದ. ತನಗೆಂದು ತಂದದ್ದು, ವಾರದೊಳಗೆ ಅದು ವೈನಿಯದಾಯಿತು. ಮಧ್ಯಾಹ್ನ ಉಂಡು ಅವ್ವ ಅಡ್ಡಾದಳೆಂದರೆ ನಾವು ಮೂವರೂ ಒಳಖೋಲಿಯಲ್ಲಿ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುವ ಮಾತನ್ನು ವೈನಿ ಓದಿ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದರು. ಕೋಟೆಯ ಸರದಾರ ಏನಂದಿದ್ದನೋ ದೇವರೇ ಬಲ್ಲ, ವೈನಿಯ ಬಾಯಲ್ಲಿ ಅದು "ಏ ಭಾಡ್ಯಾ, ಅಲ್ಲೇ ನಿಂದ್ರ! ನಿಮ್ಮಪ್ಪನ ಹೊಲ ಅಂತ ತಿಳದಿ ಏನು?" ಅಂತ ಆಗುತ್ತಿತ್ತು. ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆಟದ ಕಥೆ ಇಷ್ಟೇ. ಅಂಬಿಗನೊಬ್ಬನ ತಮ್ಮನನ್ನು ಸರದಾರ ಕೊಂದಿರುತ್ತಾನೆ. ಅಂಬಿಗ ಕೋಟೆಯಿಂದ ಕೋಟೆಗೆ ಪಹರೆಯವರನ್ನೆಲ್ಲ ಕಡಿಯುತ್ತ ಸರದಾರನನ್ನು ಹುಡುಕಿಕೊಂಡು ಹೋಗುತ್ತಾನೆ. ಸೇಡಿಗೆ ಕೊನೆ ಎಲ್ಲಿ ಅಂತ ಆಟ ನಡುನಡುವೆ ಕೇಳುತ್ತಲೇ ಇರುತ್ತದೆ. ನಾವು ಕಟ್ಟಕಡೆಯ ಕೋಟೆಯ ಬಾಗಿಲಿಗೆ ಬಂದು ನಿಂತಿದ್ದೆವು.

ನಮ್ಮ ಮನೆಯದೂ ಅಂಥದೇ ಒಂದು ಕಥೆ. ಪಕ್ಕದ ಹೊಲದ ದಾಯಾದಿಗಳಿಗೂ ನಮಗೂ ಬಂಡಿದಾರಿಯ ಜಗಳ, ನಮ್ಮ ಮುತ್ಯಾನ ಕಾಲದ್ದು. ಅವರು ದಾರಿಗೆ ಮುಳ್ಳು ಹಚ್ಚಿದರು, ನಾವು ಅವರ ಎತ್ತಿನ ಬಾಲ ಕೊಯ್ದೆವು. ಅವರು ನಮ್ಮ ಬಣವಿಗೆ ಬೆಂಕಿ ಇಟ್ಟರು. ಇದನ್ನೆಲ್ಲ ಅಪ್ಪ ಪುರಾಣ ಹೇಳಿದಂತೆ ಹೇಳಿದಾಗ ವೈನಿ ರೊಟ್ಟಿ ಬಡಿಯುತ್ತ ನನ್ನ ಕಡೆ ತಿರುಗಿ, "ಮದುವ್ಯಾಗ ಉಡಿಸಿದ ಸೀರಿ ತಿರುಗಿ ಉಡಸೂದಕ್ಕೂ ಮುಯ್ಯಿ ಅಂತೀವಿ, ಬಣವಿ ಸುಡೂದಕ್ಕೂ ಮುಯ್ಯಿ ಅಂತೀವಿ. ಹೆಸರಿಟ್ಟಾವ ಶಾಣ್ಯಾ ಇದ್ದ ನೋಡ್ರಿ ಮೈದುನ್ರ. ಎರಡೂ ಮುಗಿಯೂದಿಲ್ಲ" ಅಂದಿದ್ದರು. ನಾನು ನಕ್ಕಿದ್ದೆ.

ಬಿತ್ತಿಗೆಯ ದಿನ ಅದೇ ದಾರಿಯ ಮೇಲೆ ಅಣ್ಣನಿಗೂ ದಾಯಾದಿಗಳ ಹಿರೇ ಮಗನಿಗೂ ಮಾತಿಗೆ ಮಾತು ಬೆಳೆಯಿತು. ಅವನ ಸಲಿಕೆಯ ಒಂದೇ ಏಟು, ಅಣ್ಣ ಮತ್ತೆ ಏಳಲಿಲ್ಲ. ಬುತ್ತಿ ತಗೊಂಡು ಹೋಗಿದ್ದ ವೈನಿ ಒಬ್ಬರೇ ಅದನ್ನು ಕಣ್ಣಾರೆ ಕಂಡವರು.

ನಮ್ಮ ಕಡೆ ಒಂದು ಪದ್ಧತಿ. ಹೊಡೆದವನು ಒಬ್ಬನಾದರೂ ಕಂಪ್ಲೇಂಟಿನಲ್ಲಿ ಆ ಮನೆಯ ಗಂಡಸರೆಲ್ಲರ ಹೆಸರು ಬರೆಸಬೇಕು. ಅಪ್ಪ ಮೂರು ಹೆಸರು ಬರೆಸಿದ: ಹೊಡೆದವನದು, ಅವನ ತಮ್ಮನದು, ಅವರ ಮುದಿ ಅಪ್ಪನದು. ಆ ತಮ್ಮ ಅವತ್ತು ತನ್ನ ಅಕ್ಕನನ್ನು ರೈಲಿಗೆ ಹತ್ತಿಸಲು ಯಲವಿಗಿ ಸ್ಟೇಶನ್ನಿಗೆ ಹೋಗಿದ್ದ. ಮುದುಕ ಕಟ್ಟೆ ಬಿಟ್ಟು ಏಳಲಾರದವನು. "ಹೊರಗ ಒಬ್ಬಾವ ಉಳದರೂ ಅವರ ಒಲಿ ಉರೀತದ" ಅಂದ ಅಪ್ಪ. ವೈನಿ ಆ ದಿನ ಎಚ್ಚರವಿಲ್ಲದವರಂತೆ, ಅಪ್ಪ ತೋರಿಸಿದಲ್ಲಿ ಸಹಿ ಹಾಕಿದರು. ಅಪ್ಪ ನನ್ನನ್ನೂ ಸಾಕ್ಷಿ ಮಾಡಿದ. ಏಟು ಬಿದ್ದ ಹೊತ್ತಿಗೆ ನಾನು ಶಿಗ್ಗಾವಿಯಲ್ಲಿ ಬೈಕ್ ರಿಪೇರಿಗೆ ಕೊಟ್ಟು ಚಹಾ ಕುಡಿಯುತ್ತಿದ್ದೆ. ಆದರೂ ಮೂವರನ್ನೂ ಕಂಡೆ ಅಂತ ಗಿಣಿಪಾಠ ಮಾಡಿಕೊಂಡಿದ್ದೆ. ನಾಚಿಕೆಯೇನೂ ಆಗಲಿಲ್ಲ. ಒಬ್ಬನೇ ಒಬ್ಬ ಅಣ್ಣ ಹೋಗಿದ್ದ, ಅವರ ಮನೆಗೆ ಮನೆಯೇ ಹಾಳಾಗಲಿ ಅನ್ನಿಸಿತ್ತು.

ಎರಡು ವರ್ಷದ ಮೇಲೆ, ಸಾಕ್ಷಿಗೆ ಎಂಟು ದಿನ ಉಳಿದಿರುವಾಗ, ಒಂದು ಮಧ್ಯಾಹ್ನ ವೈನಿ ಮಷೀನಿನ ಧೂಳು ಒರೆಸಿದರು. "ಬರ್ರಿ, ಆಟ ಮುಗಿಸೂಣು." ರಬ್ಬರ್ ಬ್ಯಾಂಡಿನ ಕೆಲಸ ಇರಲಿಲ್ಲ, ಕೈ ಬರಿದಾಗಿದ್ದವು. ಕೊನೆಯ ಕೋಟೆಯ ಬಾಗಿಲಲ್ಲಿ ಒಬ್ಬ ಪಹರೆಯವನು ರೊಟ್ಟಿ ತಿನ್ನುತ್ತ ಕೂತಿದ್ದ. ಅವನನ್ನು ಕಡಿಯದೆ ಬಾಗಿಲು ತೆರೆಯದು. ವೈನಿ ಬಹಳ ಹೊತ್ತು ಆಚೀಚೆ ದಾರಿ ಹುಡುಕಿದರು, ಕಡೆಗೆ ಕಡಿದರು. ಒಳಗೆ ಸರದಾರ ಸಿಕ್ಕ. ಅಂಬಿಗ ಅವನ ಎದೆಯ ಮೇಲೆ ಕತ್ತಿ ಇಟ್ಟ. ಆಮೇಲೆ ತಾನೇ ಕತ್ತಿಯನ್ನು ಹೊಳೆಗೆ ಎಸೆದು, ದೋಣಿ ಹತ್ತಿ ಹೊರಟುಹೋದ. ನನ್ನ ಕಣ್ಣಲ್ಲಿ ನೀರು ಬಂತು.

"ಎಂಥಾ ಛಲೋ ಮುಗಿಸ್ಯಾರ ನೋಡ್ರಿ ವೈನಿ. ಬಿಟ್ಟುಬಿಟ್ಟ. ಸೇಡು ಅಲ್ಲಿಗೇ ಹರೀತು."

"ಏನ್ ಮಣ್ಣು ಹರೀತು? ನಾ ಇನ್ನೂ ಗುಂಡಿ ಒತ್ತಾಕತ್ತಿದ್ದೆ. ಬಿಟ್ಟಿದ್ದು ಆಟ, ನಾನಲ್ಲ." ರಿಮೋಟನ್ನು ಕೆಳಗಿಟ್ಟರು. "ಮತ್ತ ರೊಟ್ಟಿ ತಿನ್ಕೋತ ಕುಂತಿದ್ನಲ್ಲ, ಅಂವ ಏನ್ ಮಾಡಿದ್ದ?"

"ಅವಗ ಹೆಸರೂ ಇಲ್ಲ, ವೈನಿ. ಸುಮ್ನ ಆಟದಾಗಿನವ."

"ಹೆಸರಿಲ್ಲದ ಅಷ್ಟು ಮಂದೀನ ಕಡದು, ಹೆಸರಿದ್ದ ಒಬ್ಬನ್ನ ಬಿಟ್ರ ದೊಡ್ಡ ಮನಸು ಆತೇನ್ರಿ? ಅದು ಕೈ ಸೋತದ್ದು, ಅಷ್ಟ."

"ಮತ್ತ ಹೆಂಗ ಮುಗಿಸಬೇಕಿತ್ತು?"

"ಮೊದಲನೇ ಬಾಗಲದಾಗ. ಆದರ ಅಲ್ಲೇ ಮುಗಿಸಿದ್ರ ಆಟ ಯಾರು ಕೊಳ್ತಾರ?" ನನ್ನ ಮುಖ ನೋಡಿದರು. "ನೀವು ಆ ಅಂಬಿಗಗಿಂತ ಶಾಣ್ಯಾರು. ಅಂವ ಹೆಸರಿಲ್ಲದವರನ್ನ ಕಡದ, ನೀವು ಹೆಸರು ಬರಸಿ ಕಡ್ಯಾಕತ್ತೀರಿ."

ನನಗೆ ಸಿಟ್ಟು ನೆತ್ತಿಗೇರಿತು. "ಸತ್ತಾವ ನಿಮ್ಮ ಗಂಡ. ಮರತ್ರೇನು?"

"ಮರತಿದ್ರ ಭಾಳ ಸಲೀಸಿತ್ತು" ಅಂದರು, ವಾಯರು ಸುತ್ತುತ್ತ.

ಹಾವೇರಿ ಕೋರ್ಟಿನಲ್ಲಿ ವಕೀಲರು ಕೇಳಿದರು, ಎಷ್ಟು ಮಂದಿ ಇದ್ದರು? ವೈನಿ ಸೆರಗು ಸರಿಮಾಡಿಕೊಂಡು, "ಒಬ್ಬನೇ ಇದ್ದ" ಅಂದರು. ಮೊದಲು ಕೈ ಎತ್ತಿದವರು ಯಾರು ಅಂತ ಕೇಳಿದಾಗಲೂ ಹೇಳಿದರು: "ನನ್ನ ಗಂಡ." ಕಣ್ಣಾರೆ ಕಂಡವರೇ ಹಾಗೆಂದ ಮೇಲೆ ನಮ್ಮ ಕಡೆಯ ವಕೀಲರು ನನ್ನನ್ನು ಕರೆಯಲೇ ಇಲ್ಲ. ಕರೆಸಿದ್ದರೆ ಭಗವಂತನ ಮೇಲೆ ಆಣೆ ಮಾಡಿ ಇಬ್ಬರು ನಿರಪರಾಧಿಗಳನ್ನು ಒಳಗೆ ಹಾಕಿಸಿ ಬರುತ್ತಿದ್ದೆ, ಆಮೇಲೆ ಜೀವಮಾನವಿಡೀ ಅದನ್ನು ಶೌರ್ಯ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ನಾನು ಎಂಥ ಮನುಷ್ಯ ಆಗಲಿದ್ದೆನೋ ಅದರಿಂದ ನನ್ನನ್ನು ಉಳಿಸಿದವರು ವೈನಿ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಹೊಡೆದವನಿಗೆ ಶಿಕ್ಷೆಯಾಯಿತು, ಅಪ್ಪ ಬಯಸಿದಷ್ಟಲ್ಲ. ತಮ್ಮ, ಮುದುಕ ಇಬ್ಬರೂ ಬಿಡುಗಡೆಯಾದರು. ಮನೆಗೆ ಬಂದ ಕೂಡಲೇ ಅವ್ವ, "ಗಂಡನ್ನ ಎರಡನೇ ಸಲ ಕೊಂದಿ" ಅಂತ ಎದೆ ಬಡಿದುಕೊಂಡಳು. ಅಪ್ಪ, "ನಮ್ಮನಿ ಅನ್ನದ ಋಣ ಹರೀತು, ನಡಿ" ಅಂದ. ವೈನಿ ನನ್ನ ಕಡೆ ನೋಡಿದರು. ಒಂದು ಮಾತು, ಬರೀ ಒಂದು ಮಾತು ನಾನು ಆಡಬಹುದಿತ್ತು. ಆಡಲಿಲ್ಲ. ಅವರ ಟ್ರಂಕು ಹೊತ್ತು ಟಂಟಂ ರಿಕ್ಷಾದಲ್ಲಿಟ್ಟು, ಡ್ರೈವರನಿಗೆ ಬಸ್‌ಸ್ಟ್ಯಾಂಡಿನ ದಾರಿ ಹೇಳಿದೆ. ಹತ್ತಿಮತ್ತೂರಿನ ಡ್ರೈವರನಿಗೆ ದಾರಿ ಹೇಳಿದ ಮಹಾನುಭಾವ ನಾನು!

ಹಾನಗಲ್ಲಿನಲ್ಲಿ ಒಂದು ಖೋಲಿ ಹಿಡಿದು ವೈನಿ ಬ್ಲೌಸ್ ಹೊಲಿದು ಬದುಕಿದರು. ಒಂದೇ ಸಲ ನೋಡಲು ಹೋಗಿದ್ದೆ. ಅವಲಕ್ಕಿ ಕೊಟ್ಟರು, ಅವ್ವನ ಮೊಣಕಾಲು ನೋವು ಹೇಗಿದೆ ಅಂತ ಕೇಳಿದರು. ಹೊರಡುವಾಗ, "ಅವರಿಗೆ ಬಂಡಿದಾರಿ ಬಿಟ್ಟೀರೇನು?" ಅಂದರು. ಇಲ್ಲ ಅಂದೆ. "ಹಂಗಾರ ಆಟ ಇನ್ನೂ ನಡದದ" ಅಂತ ಹೊಲಿಗೆ ಮಷೀನಿಗೆ ಬಗ್ಗಿದರು. ಮತ್ತೆ ಆ ಕಡೆ ಹೋಗುವ ಧೈರ್ಯ ನನಗಾಗಲಿಲ್ಲ.

ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡರು. ಅಪ್ಪ ಅವ್ವ ಹೊರಡಲಿಲ್ಲ, ನಾನೊಬ್ಬನೇ ಹೋದೆ. ಮುಟ್ಟುವಷ್ಟರಲ್ಲಿ ಅವರನ್ನು ಸಮಾಧಿಯ ಕುಣಿಯಲ್ಲಿ ಕೂಡಿಸಿ ಆಗಿತ್ತು, ಜನ ಒಬ್ಬೊಬ್ಬರೇ ಬಿಲ್ವಪತ್ರಿ ಹಾಕಿ ಸರಿಯುತ್ತಿದ್ದರು. ನನ್ನ ಕೈ ಖಾಲಿ ಇತ್ತು. ಪಕ್ಕದಲ್ಲಿ ಯಾರೋ ಬಂದು ನಿಂತರು. ನೋಡಿದರೆ ದಾಯಾದಿಗಳ ಮನೆಯ ಆ ತಮ್ಮ. ಅತ್ತು ಅವನ ಕಣ್ಣು ಕೆಂಪಾಗಿದ್ದವು. ತನ್ನ ಪತ್ರಿಯಲ್ಲಿ ಅರ್ಧ ಬೇರೆ ಮಾಡಿ ನನ್ನ ಕಡೆ ಚಾಚಿದ.

"ಹಾಕ್ರಿ" ಅಂದ.

ನನ್ನ ಕೈ ಏಳಲಿಲ್ಲ. ಏಳು ಅಂತ ನಾನು ಒಳಗೆ ಹೇಳುತ್ತಲೇ ಇದ್ದೆ, ಏಳಲಿಲ್ಲ. ಅವನು ಒಂದು ಗಳಿಗೆ ಕಾದು, ನನ್ನ ಪಾಲಿನದನ್ನೂ ತಾನೇ ಹಾಕಿದ.