ಒಂದು ಸ್ಟೇಷನ್ ಹಿಂದಕ್ಕೆ

ಪರೇಲ್ ಕಡೆಗೆ ಹೋಗಬೇಕಾದರೆ ಮುಂಬೈಯ ಕಾಂದಿವಲಿಯ ನಾವು ಮೊದಲು ಬೊರಿವಲಿಗೆ ಹೋಗುತ್ತೇವೆ. ಅಂದರೆ ಒಂದು ಸ್ಟೇಷನ್ ಹಿಂದಕ್ಕೆ. ಕೆಲವು ಲೋಕಲ್‌ಗಳು ಅಲ್ಲಿಂದಲೇ ತಿರುಗಿ ಹೊರಡುತ್ತವೆ. ಇಳಿಯದೆ ಕೂತರೆ ಸೀಟು ಗ್ಯಾರಂಟಿ. ಇದಕ್ಕೆ ರಿಟರ್ನ್ ಬರುವುದು ಎನ್ನುತ್ತೇವೆ. ಗಂಡನನ್ನು ಕ್ಯಾನ್ಸರ್ ಚಿಕಿತ್ಸೆಗೆಂದು ಪರೇಲಿನ ಆಸ್ಪತ್ರೆಗೆ ಕರೆದೊಯ್ಯುವಾಗ ನಾವೂ ಹೀಗೇ ಹೋಗುತ್ತಿದ್ದೆವು. ರೋಗಿಗಳಿಗೆ ಬೇರೆ ಡಬ್ಬಿಯೇ ಇತ್ತು, ಆದರೆ ಅದಕ್ಕೆ ಹತ್ತಲು ಅವರು ಸುತಾರಾಂ ಒಪ್ಪಲಿಲ್ಲ. ಹಠಮಾರಿ ಮನುಷ್ಯ.

ಉಡುಪಿ ಕಡೆಯಿಂದ ಬಂದು ಜೀವನವಿಡೀ ಹೋಟೆಲಿನ ಗಲ್ಲಾದಲ್ಲಿ ಕೂತವರು ಅವರು. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದೆ. ನಾನೇಳುವ ಮೊದಲೇ ಹೊರಟು, ನಾನು ಮಲಗಿದ ಮೇಲೆ ಬರುತ್ತಿದ್ದ ಗಂಡನ ಜೊತೆ ಮನಸಾರೆ ಮಾತಾಡಲು ಸಿಕ್ಕಿದ್ದು ಆ ರೈಲಿನಲ್ಲೇ.

ಒಂದು ದಿನ ಕೇಳಿದರು: "ಅಣುವಿಗಿಂತ ಸಣ್ಣದಕ್ಕೆ ಕಾಲ ಹಿಂದೆ ಹೋದ್ರೂ ಮುಂದೆ ಹೋದ್ರೂ ಒಂದೇ ಅಂತ ಪಾಠ ಮಾಡ್ತಿಯಲ್ಲ ಮಾರಾಯ್ತಿ, ಮತ್ತೆ ನಮಗೆ ಯಾಕೆ ಆಗುದಿಲ್ಲ?"

"ಒಂಟಿ ಕಣ ಹೋದದ್ದು ಯಾರಿಗೂ ಗೊತ್ತಿರುದಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗಬಹುದು. ನಾವು ಉಸಿರು ಬಿಟ್ಟದ್ದು ಗಾಳಿಗೆ ಗೊತ್ತು, ಕೂತದ್ದು ಈ ಸೀಟಿಗೆ ಗೊತ್ತು. ನಾವು ಹಿಂದೆ ಹೋಗ್ಬೇಕಾದ್ರೆ ಇದೆಲ್ಲ ಒಟ್ಟಿಗೆ ಹೋಗ್ಬೇಕು," ಎಂದೆ.

"ಇಡೀ ಮುಂಬೈಯನ್ನೇ ರಿಟರ್ನ್ ತರ್ಬೇಕು ಅನ್ನು!" ಎಂದು ನಕ್ಕರು. ಮಲಾಡ್ ದಾಟುವವರೆಗೆ ಕಿಟಕಿಯಾಚೆ ನೋಡುತ್ತಿದ್ದು, ಆಮೇಲೆ ಮೆಲ್ಲಗೆ ಹೇಳಿದರು: "ನನಗೆ ಪ್ರಾಯ ಎಲ್ಲ ವಾಪಸ್ ಬೇಡ. ಒಂದು ಸರ್ತಿ ನೀನು ಚೌಪಾಟಿ ಬೀಚಿಗೆ ಹೋಗುವ ಅಂತ ಹಸಿರು ಸೀರೆ ಉಟ್ಟು ನಿಂತಿದ್ದೆ. ನಾನು ಮುಂದಿನ ವಾರ ಅಂದೆ. ಅಲ್ಲಿವರೆಗೆ ಹೋದ್ರೆ ಸಾಕಿತ್ತು."

ಆ ಸೀರೆಯನ್ನು ನಾನೇ ಮರೆತಿದ್ದೆ. ಇವತ್ತೇ ಹೋಗೋಣ ಎನ್ನಬೇಕೆನ್ನಿಸಿತು, ಆದರೆ ಆಸ್ಪತ್ರೆಯಿಂದ ಹೊರಬರುವಾಗ ಅವರಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಆ ಮುಂದಿನ ವಾರ ಬರಲೇ ಇಲ್ಲ.

ಅವರು ಹೋದ ಮೇಲೆ ಪರೇಲ್‌ನಲ್ಲಿ ನನಗೇನೂ ಕೆಲಸವಿಲ್ಲ. ಆದರೂ ಕೆಲವು ದಿನ ಬೆಳಿಗ್ಗೆ ಬೊರಿವಲಿಗೆ ಹೋಗಿ, ಇಳಿಯದೆ ಕೂತು, ರಿಟರ್ನ್ ಬರುತ್ತೇನೆ. ಮೊನ್ನೆ ಬೊರಿವಲಿಯಲ್ಲಿ ಹತ್ತಿ ಎದುರು ನಿಂತಿದ್ದವನು ಸೀಟಿನ ಆಸೆಯಿಂದ, ನಾನೆಲ್ಲಿ ಇಳಿಯುತ್ತೇನೆಂದು ತಿಳಿಯಲು, "ಆಂಟಿ, ಕಿಧರ್ ಉತರ್‌ನೇ ಕಾ?" ಎಂದು ಕೇಳಿದ.

"ಕಾಂದಿವಲಿ."

ಮರುಸ್ಟೇಷನ್ನಿಗೇ ಇಳಿಯುವವಳು ಸೀಟು ಹಿಡಿದು ರಿಟರ್ನ್ ಬಂದದ್ದೇಕೆ ಎಂದು ಅವನು ಬೆಪ್ಪಾಗಿ ನೋಡಿದ. ನಾನು ಎದ್ದೆ. ನನ್ನ ಗಂಡ ಕೂರುತ್ತಿದ್ದ ಆ ಕಿಟಕಿಯ ಪಕ್ಕಕ್ಕೆ ಅವನು ಜರುಗಿ ಕೂತ.