ಯಾರೂ ವಾಸವಿಲ್ಲದ ಗೇಟುಮನೆ

ಕೆಝಾಯಾ ಬೆಬ್ ಮದುವೆಯಾಗಿ ಲಿನ್‌ಕೋಟ್ ದೊಡ್ಡಮನೆಯ ಗೇಟುಮನೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಗಂಡ ಈನಕ್ ಗೇಟು ಕಾಯುವವನು. ಶ್ರಾಪ್‌ಶೈರ್ ಸೀಮೆಯ ಆ ಭಾಗದಲ್ಲಿ ಅಂಥ ಕೆಲಸ ಸಿಗುವುದೇ ಪುಣ್ಯ ಎಂದು ತವರಿನವರು ಹಿಗ್ಗಿದ್ದರು. ಬಂದ ದಿನವೇ ಅತ್ತೆ ಅವಳನ್ನು ಹಿತ್ತಲಲ್ಲಿ ನಿಲ್ಲಿಸಿಕೊಂಡು ಹೇಳಿದಳು:

"ನೋಡು ತಾಯಿ, ಈ ಮನೆ ಕಟ್ಟಿರೋದು ನಾವು ಬದುಕೋಕಲ್ಲ, ಬರೋರು ನೋಡೋಕೆ. ಇಲ್ಲಿ ಜನ ಇದಾರೆ ಅಂತ ದಾರೀಲಿ ಹೋಗೋರಿಗೆ ಗೊತ್ತಾಗ್ಬಾರ್ದು."

ದಾರಿಯ ಕಡೆಯಿಂದ ನೋಡಿದರೆ ಅದೊಂದು ಪುಟ್ಟ ಗುಡಿ. ನಾಲ್ಕು ಕಲ್ಲುಕಂಬ, ನಡುವೆ ಹಸಿರು ಬಾಗಿಲು. ಆ ಬಾಗಿಲೂ ಸುಳ್ಳು. ಹಲಗೆಯ ಹಿಂದೆ ಇರುವುದು ಇಟ್ಟಿಗೆಯ ಗೋಡೆ. ಒಳಗೆ ಹೋಗುವ ಬಾಗಿಲು ಹಿಂಬದಿಯಲ್ಲಿ, ಹಂದಿಗೂಡಿನ ಪಕ್ಕ. ಒಗೆದ ಬಟ್ಟೆ ದಾರಿಗೆ ಕಾಣಬಾರದು. ಧಣಿಗಳ ಗಾಡಿ ಬರುವ ಹೊತ್ತಿಗೆ ಒಲೆಯ ಹೊಗೆ ಏಳಬಾರದು. ಗೇಟು ತೆರೆದವರು ಕೂಡಲೇ ಪೊದೆಯ ಹಿಂದೆ ಸರಿಯಬೇಕು. ಗೇಟು ತಾನಾಗಿಯೇ ತೆರೆದುಕೊಂಡಿತೆಂದು ಬಂದವರಿಗೆ ಅನ್ನಿಸಬೇಕು. ಕೆಝಾಯಾ ಇದನ್ನೆಲ್ಲ ಬೇಗ ಕಲಿತಳು.

ಮಗಳು ಆಲಿವ್‌ಗೆ ನಾಯಿಕೆಮ್ಮು ಹಿಡಿದದ್ದು ಬೇಟೆಗೆ ಅತಿಥಿಗಳು ಬರುವ ವಾರ. ಕೆಝಾಯಾ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿತ್ತಲ ತುದಿಯ ಆಲೂಗಡ್ಡೆಯ ಗುಡಿಸಲಲ್ಲಿ ಎರಡು ದಿನ ಕೂತಳು. ಒಮ್ಮೆ ದೊಡ್ಡಮನೆಯ ಒಡತಿ ಗಾಡಿ ನಿಲ್ಲಿಸಿ ಕೇಳಿದಳು, "ಏನದು ಸದ್ದು, ಬೆಬ್?"

"ಕಾಗೆ, ಅಮ್ಮಾವ್ರೆ," ಎಂದ ಈನಕ್.

ಹನ್ನೊಂದನೆಯ ದಿನ ಮಗು ತೀರಿಕೊಂಡಿತು. ದೊಡ್ಡಮನೆಯಿಂದ ಬಿಳಿ ಹೂಗಳು ಬಂದವು. ಕೆಝಾಯಾ ಯಾರನ್ನೂ ದೂರಲಿಲ್ಲ. ಆದರೆ ಅಲ್ಲಿಂದಾಚೆಗೆ ಕಾಗೆ ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು, ಅದು ಸುಮ್ಮನಾಗುವವರೆಗೆ ನಿಲ್ಲುತ್ತಿದ್ದಳು. ಮಡಕೆಯಲ್ಲಿ ಹಾಲು ಉಕ್ಕಿದರೂ ಸರಿಯೆ.

ವರ್ಷಗಳು ಕಳೆದು ಈನಕ್ ತೀರಿಹೋದ. ಒಡತಿಯೂ ಹೋದಳು. ಯುದ್ಧದಲ್ಲಿ ದೊಡ್ಡಮನೆಯಲ್ಲಿ ಸೈನಿಕರಿದ್ದು, ಮೆಟ್ಟಿಲ ಕಟಕಟೆಯನ್ನೆಲ್ಲ ಚಳಿಗೆ ಉರಿಸಿ ಹೊರಟರು. ಚಾವಣಿ ಸೋರತೊಡಗಿದ ಮೇಲೆ ವಾರಸುದಾರ ಎಲ್ಲವನ್ನೂ ಒಬ್ಬ ಮರದ ವ್ಯಾಪಾರಿಗೆ ಮಾರಿದ. ಗೇಟುಮನೆಯ ಮುದುಕಿಯ ವಿಷಯ ಯಾರ ನೆನಪಿಗೂ ಬರಲಿಲ್ಲ. ಅವಳು ದಿನವೂ ಗೇಟಿನ ಕೀಲುಗಳಿಗೆ ಎಣ್ಣೆ ಹಾಕುತ್ತಲೇ ಇದ್ದಳು.

ಸಾವಿರದ ಒಂಬೈನೂರ ಐವತ್ತನಾಲ್ಕರ ಏಪ್ರಿಲ್‌ನಲ್ಲಿ ಅಂಚೆಯ ಜೇಬೆಜ್ ರಡ್ಜ್ ಸೈಕಲ್ ಇಳಿದು ಹಿತ್ತಲಿಗೆ ಬಂದ.

"ಬೆಬ್ಬಮ್ಮ, ಜಿಲ್ಲಾ ಕಚೇರಿಯಿಂದ ಸಾಹೇಬ್ರು ಬರ್ತಾರಂತೆ ಸೋಮವಾರ. ಹಳೇ ಕಟ್ಟಡ ಯಾವುದು ಉಳೀಬೇಕು, ಯಾವುದು ಕೆಡವಬೇಕು ಅಂತ ಬರ್ಕೊಳ್ಳೋಕೆ."

"ಬರ್ಕೊಳ್ಳಲಿ ಬಿಡು. ನನಗೇನು?"

"ಅಯ್ಯೋ ನಿಮ್ಮ! ಮನೇಲಿ ಜನ ಇದಾರೆ ಅಂತ ಅವರು ಬರೆದ್ರೆ, ಬೇರೆ ಮನೆ ಕೊಡೋ ತನಕ ಇದರ ಒಂದು ಇಟ್ಟಿಗೇನೂ ಮುಟ್ಟೋ ಹಾಗಿಲ್ಲ. ಬರೀದೇ ಹೋದ್ರೆ ಮುಗೀತು. ನೀವು ಮುಂದೆ ಬಂದು ನಿಲ್ಬೇಕು, ಅಷ್ಟೇ. ಹಲ್ಲು ಕಿರಿದ್ರೂ ಸಾಕು."

"ಇರೋದೇ ನಾಲ್ಕು ಹಲ್ಲು ಕಣಯ್ಯ."

"ನಾಲ್ಕೂ ತೋರಿಸಿ."

ಸೋಮವಾರ ಬೆಳಿಗ್ಗೆ ಕೆಝಾಯಾ ಚರ್ಚಿನ ಟೋಪಿ ಹಾಕಿಕೊಂಡಳು. ಒಲೆ ಉರಿಯಲಿ ಎಂದು ಬಿಟ್ಟಳು. ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಹೇಳಿ ನೋಡಿದಳು: ನಲವತ್ತೈದು ವರ್ಷದಿಂದ ಇಲ್ಲೇ ಇದೀನಿ, ಸ್ವಾಮಿ.

ತಿರುವಿನಲ್ಲಿ ಕರಿಯ ಕಾರಿನ ಹಾರ್ನ್ ಎರಡು ಸಲ ಕೂಗಿತು, ಧಣಿಗಳ ಕಾರು ಕೂಗುತ್ತಿದ್ದ ಹಾಗೆಯೇ. ಮುಂದಿನದನ್ನು ಅವಳ ಕೈಕಾಲುಗಳೇ ಮಾಡಿದವು. ಒಲೆಗೆ ಬೂದಿ ಸುರಿದವು, ಹಗ್ಗದ ಮೇಲಿನ ದುಪ್ಪಟಿ ಸೆಳೆದವು, ಓಡಿ ಗೇಟು ತೆರೆದವು, ಪೊದೆಯ ಹಿಂದೆ ಸರಿದವು. ಎಲೆಗಳ ನಡುವೆ ನಿಂತ ಮೇಲೆ ಅವಳಿಗೆ ತಾನು ಮಾಡಿದ್ದು ತಿಳಿಯಿತು.

ಸಾಹೇಬರು ಇಳಿದರು. ಇನ್ನೂ ಎಳೆಯ ಮುಖದ, ಒಳ್ಳೆಯವರಂತೆ ಕಾಣುವ ಮನುಷ್ಯ. ಹಸಿರು ಬಾಗಿಲು ಬಡಿದರು. ಸದ್ದು ಮೊಂಡಾಗಿ ಬಂತು. ಮತ್ತೊಮ್ಮೆ ಬಡಿದು ನಕ್ಕರು.

"ಬರೀ ಅಲಂಕಾರ ಕಣಯ್ಯ. ಹಿಂದೆ ಗೋಡೆ."

"ಹಾಗಾದ್ರೆ ಗೇಟು ತೆಗೆದೋರು ಯಾರು ಸಾರ್?" ಎಂದ ಡ್ರೈವರ್.

"ಗಾಳಿ ಇರ್ಬೇಕು."

ಅವಳು ಆರು ಹೆಜ್ಜೆ ದೂರದಲ್ಲಿದ್ದಳು. ಸ್ವಾಮಿ, ಎಂದು ಕೂಗಬೇಕು. ಬಾಯಿ ತೆರೆಯಿತು, ಸ್ವರ ಬರಲಿಲ್ಲ. ಗೇಟಿನ ಹತ್ತಿರ ಅವಳು ಎಂದೂ ಸ್ವರ ಎತ್ತಿದವಳಲ್ಲ. ಸಾಹೇಬರು ಪುಸ್ತಕದಲ್ಲಿ ಏನೋ ಬರೆದುಕೊಂಡು ಕಾರು ಹತ್ತಿ ದೊಡ್ಡಮನೆಯ ಕಡೆ ಹೋದರು. ಹಿಂದಿರುಗಿ ಬರುವಾಗ ಅಡ್ಡ ನಿಲ್ಲುತ್ತೇನೆ, ಸತ್ತರೂ ಸರಿ, ಎಂದು ಅವಳು ದಾರಿಯ ನಡುವೆಯೇ ಬಂದು ನಿಂತಳು. ಸಂಜೆಯವರೆಗೆ ನಿಂತಳು. ಕಾರು ಮರದ ಲಾರಿಗಳ ಹೊಸ ದಾರಿಯಲ್ಲಿ ಆಗಲೇ ಹೊರಟುಹೋಗಿತ್ತು.

ಜೇಬೆಜ್ ಅವಳ ಪರವಾಗಿ ಎರಡು ಕಾಗದ ಬರೆದ. ಪರಿಶೀಲನೆ ಮುಗಿದಿದೆ, ಸದರಿ ಕಟ್ಟಡದಲ್ಲಿ ವಾಸವಿರುವವರು ಕಂಡುಬಂದಿಲ್ಲ ಎಂದು ಒಂದಕ್ಕೆ ಉತ್ತರ ಬಂತು.

ಜೂನ್‌ನಲ್ಲಿ ಕೆಡವುವವರು ಬಂದರು. ಮೇಸ್ತ್ರಿ ಹಿತ್ತಲಿಗೆ ಬಂದವನು ಅವಳನ್ನು ಕಂಡು ಟೋಪಿ ತೆಗೆದ.

"ಇದೇನಮ್ಮ? ಇಲ್ಲಿ ಯಾರೂ ಇಲ್ಲ ಅಂತ ಕೊಟ್ಟಿದಾರೆ ನನಗೆ."

"ನಾನಿದೀನಲ್ಲಪ್ಪ."

"ಇದೀರಿ. ಕಾಗದದಲ್ಲಿ ಇಲ್ವಲ್ಲ." ಅವನು ಕಾಗದವನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದ. "ಗುರುವಾರದ ತನಕ ಬೇರೆ ಕಡೆ ಕೆಲಸ ಮಾಡಿಸ್ತೀನಿ. ಅದಕ್ಕಿಂತ ನನ್ ಕೈಲಾಗಲ್ಲ."

ಗುರುವಾರ ಅವನೇ ಅವಳ ಮಂಚ, ಕುರ್ಚಿ, ಎರಡು ಪೆಟ್ಟಿಗೆಗಳನ್ನು ಲಾರಿಗೆ ಹೇರಿದ. ಅವಳನ್ನು ಮುಂದಿನ ಸೀಟಿಗೆ ಹತ್ತಿಸಿ ಕೇಳಿದ, "ಎಲ್ಲಿಗೆ ಬಿಡ್ಲಿ ತಾಯಿ? ಮಕ್ಕಳು, ನೆಂಟರು?"

ಲಾರಿಯ ಎಂಜಿನ್ ಗುಡುಗುಡು ಅನ್ನುತ್ತಿತ್ತು. ಅವಳು, ಆ ಸೀಮೆಯ ಬಡವರು ಅಲ್ಲಿಗೆ ಸೇರುವುದಕ್ಕಿಂತ ಸಾಯುವುದು ಮೇಲು ಅನ್ನುತ್ತಿದ್ದ, ದಿಕ್ಕಿಲ್ಲದವರ ಹಳೆಯ ಆಶ್ರಮದ ಹೆಸರು ಹೇಳಿದಳು. ಮೇಸ್ತ್ರಿಗೆ ಕೇಳಿಸಲಿಲ್ಲ. ಅವಳು ಅದನ್ನು ಇನ್ನೊಂದು ಸಲ, ಗಟ್ಟಿಯಾಗಿ ಹೇಳಬೇಕಾಯಿತು.